ಚಪ್ಪಲಿ ಪಾಳಿಯ ಫಾತಿಮಾ ಬೀ

ಫಾತಿಮಾ ಬೀ ಎಂಬ ಹೆಸರು ನಾಗಲಿಂಗಮ್ಮನ ಕಿವಿಗೆ ಮೊದಲು ಬಿದ್ದದ್ದು, ಆ ಹೆಂಗಸು ಸರ್ಕಾರಿ ದವಾಖಾನೆಯ ಡಾಕ್ಟರನ್ನು ಚಪ್ಪಲಿಯಲ್ಲಿ ಹೊಡೆದ ದಿನ.

ನಾಗಲಿಂಗಮ್ಮ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಓಣಿಯ ಆಶಾ ಕಾರ್ಯಕರ್ತೆ ಸುಮಲತಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏದುಸಿರು ಬಿಡುತ್ತಾ ಬಂದಳು.

"ಅಮ್ಮಾರ, ಕೇಳಿದ್ರ್ಯಾ? ವೆಲ್ಡಿಂಗ್ ಕಮಾಲಸಾಬನ ಹೇಣ್ತಿ ಫಾತಿಮಾ ಬೀ ಡಾಕ್ಟರಿಗೆ ಚಪ್ಪಲೀಲೆ ಹೊಡದ್ಳ್ರಿ! ಕನ್ನಡಕ ಒಡದು ಚೂರು ಹುಬ್ಬಿಗೆ ನೆಟ್ಟೈತಿ. ಬಿಳಿ ಅಂಗಿ ತುಂಬ ರಕ್ತ."

"ಶಿವ ಶಿವಾ! ಡಾಕ್ಟರ್ ಮ್ಯಾಲೆ ಕೈ ಎತ್ತೋದಂದ್ರ ಏನು? ಆಕಿ ಕೈ ಸೇದಿಹೋಗ್ಲಿ" ಎಂದಳು ನಾಗಲಿಂಗಮ್ಮ. ಯಾಕೆ ಹೊಡೆದಳು ಎಂದು ಕೇಳಲಿಲ್ಲ. ಸುಮಲತಾಳೂ ಹೇಳಲಿಲ್ಲ. ಹೊಡೆತದ ಸುದ್ದಿಯಲ್ಲಿ ಹೊಡೆತವೇ ದೊಡ್ಡದು, ಕಾರಣ ಆಮೇಲೆ ಕುಂಟುತ್ತಾ ಬರುತ್ತದೆ.

ಆ ಊರು ಮುತ್ತಗನಕಟ್ಟಿ. ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ದಾರಿಯಲ್ಲಿ ಬಲಕ್ಕೆ ತಿರುಗಬೇಕು. ಊರ ತುದಿಗೆ ದವಾಖಾನೆ, ಅದರ ಮುಂದೆ ಬಯಲು, ಬಯಲಿನ ಅಂಚಿಗೆ ಒಂದು ಬೇವಿನ ಮರ. ಡಾಕ್ಟರು ಯಾವಾಗ ಬರುತ್ತಾರೋ ಯಾರಿಗೂ ತಿಳಿಯದು. ಹೊತ್ತು ಹುಟ್ಟುತ್ತಲೇ ಬಂದವರು ಬಿಸಿಲಲ್ಲಿ ನಿಂತರೆ ಇದ್ದ ರೋಗದ ಜೊತೆ ಇನ್ನೊಂದು ಕಟ್ಟಿಕೊಂಡು ಹೋಗಬೇಕು. ಅದಕ್ಕೇ ಜನ ಒಂದು ರೂಢಿ ಮಾಡಿಕೊಂಡಿದ್ದರು. ಬಾಗಿಲಿನಿಂದ ಬಯಲಿನ ತನಕ ಚಪ್ಪಲಿಗಳನ್ನು ಸಾಲಾಗಿ ಬಿಟ್ಟು ತಾವು ಬೇವಿನ ನೆರಳಿಗೆ ಹೋಗಿ ಕೂಡುವುದು. ಬರಿಗಾಲಲ್ಲಿ ಬಂದವರು ಒಂದು ಕಲ್ಲನ್ನೋ ಎಲೆಅಡಿಕೆ ಚೀಲವನ್ನೋ ಇಡುತ್ತಿದ್ದರು. ಮುಂದಿನ ಜೋಡು ಒಳಗೆ ಹೋದಂತೆ ಹಿಂದಿನವರು ಎದ್ದು ಬಂದು ತಮ್ಮ ತಮ್ಮ ಚಪ್ಪಲಿಯನ್ನು ಕಾಲಬೆರಳಿನಿಂದ ಮುಂದಕ್ಕೆ ತಳ್ಳುವುದು. ಇನ್ನೊಬ್ಬರ ಚಪ್ಪಲಿಯನ್ನು ಯಾರೂ ಸರಿಸುವ ಹಾಗಿಲ್ಲ. ಹೊಲದ ಬದುವಿಗಾಗಿ ಕೊಡಲಿ ಹಿಡಿದವರೂ ಆ ಸಾಲನ್ನು ಮುರಿದವರಲ್ಲ. ನಾಗಲಿಂಗಮ್ಮನಂತೂ ಇನ್ನೊಬ್ಬರ ಚಪ್ಪಲಿಯನ್ನು ಕೈಯಿಂದ ಮುಟ್ಟಿದರೆ ತಲೆಗೆ ನೀರು ಹಾಕಿಕೊಳ್ಳಬೇಕು ಎಂದು ನಂಬಿದ ಮನೆಯಿಂದ ಬಂದವಳು.

ಕಾರಣ ಕುಂಟುತ್ತಾ ಬಂದದ್ದು ಸಂತೆಯ ದಿನ. ಫಾತಿಮಾ ಬೀಯ ಮೊಮ್ಮಗ ಇಸ್ರಾರ ಅಂಬೆಗಾಲಿಡುವ ಕೂಸು. ಅವತ್ತು ಬೆಳಗಿನಿಂದ ವಾಂತಿ, ಭೇದಿ. ಸೊಸೆ ಮೆಹರೀನ ಕೂಸನ್ನು ಎತ್ತಿಕೊಂಡು, ಅತ್ತೆ ಮುಂದೆ ನಡೆದು ಬಂದರು. ಫಾತಿಮಾ ಬೀ ತನ್ನ ಚಪ್ಪಲಿಯನ್ನು ಸಾಲಿನ ತುದಿಗೆ ಬಿಟ್ಟಳು. ನೆರಳಲ್ಲಿ ಕೂತರು. ಮುಂದೆ ಇದ್ದವರಲ್ಲಿ ಸಕ್ಕರೆ ಗುಳಿಗೆಯವರು, ಮೊಣಕಾಲಿಗೆ ಮುಲಾಮು ಬೇಕಾದವರು, ಕೆಲಸಕ್ಕೆ ರಜಾ ಚೀಟಿ ಬರೆಸಿಕೊಳ್ಳಲು ಬಂದವನೊಬ್ಬ. ಮೆಹರೀನ "ಅಮ್ಮೀ, ಕಣ್ಣು ಒಳಗ ಹೋಗ್ಯಾವ ನೋಡು" ಎಂದಾಗಲೆಲ್ಲ ಅತ್ತೆ "ಪಾಳಿ ಐತಿ ಬೇಟಿ, ಬಂದೇಬಿಡ್ತೈತಿ" ಎನ್ನುತ್ತಿದ್ದಳು. ಮುಂದಿನವರನ್ನು ಕೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ. ನೀವು ಮೊದಲು ಹೋಗ್ರಿ ಎಂದು ಮುಂದಿನವರಿಗೂ ಹೊಳೆಯಲಿಲ್ಲ. ಚಪ್ಪಲಿ ಅದರ ಪಾಡಿಗೆ ಸರಿಯುತ್ತಿತ್ತು. ಇನ್ನೇನು ಎರಡು ಜೋಡು ಮುಂದಿದ್ದವು ಅನ್ನುವಾಗ ಕೂಸಿನ ಕುತ್ತಿಗೆ ತಾಯಿಯ ತೋಳಿನ ಮೇಲೆ ಹಿಂದಕ್ಕೆ ವಾಲಿತು.

ಮೆಹರೀನಳ ಕೂಗಿಗೆ ಬೇವಿನ ಕಾಗೆಗಳೆಲ್ಲ ಎದ್ದವಂತೆ. ಫಾತಿಮಾ ಬೀ ಕೂಗಲಿಲ್ಲ. ಸಾಲಿನಿಂದ ತನ್ನ ಚಪ್ಪಲಿ ಎತ್ತಿಕೊಂಡು ಒಳಗೆ ಹೋದಳು. ಡಾಕ್ಟರು ತಲೆ ತಗ್ಗಿಸಿ ಏನೋ ಬರೆಯುತ್ತಾ "ಚೀಟಿ ಎಲ್ಲಿ?" ಎಂದರು. ಅವಳ ಉತ್ತರ ಮುಖದ ಮೇಲೆ ಬಿತ್ತು. ಒಂದಲ್ಲ. ಕಂಪೌಂಡರು ಹಿಂದಿನಿಂದ ತಬ್ಬಿ ಹಿಡಿಯುವ ತನಕ ಬೀಳುತ್ತಲೇ ಇತ್ತು.

ಆ ಸಂಜೆಯೇ ಡಾಕ್ಟರು ತಲೆಗೆ ಪಟ್ಟಿ ಕಟ್ಟಿಕೊಂಡು ಜೀಪು ಹತ್ತಿದರು. ಪೊಲೀಸರು ಕಮಾಲಸಾಬನ ಕಾಲರು ಹಿಡಿದು ಅಂಗಡಿಯಿಂದ ಎಳೆದು ನಾಲ್ಕು ಜನರ ಎದುರಿಗೆ ಕಪಾಳಕ್ಕೆ ಹೊಡೆದು ಹೆಂಡತಿ ಎಲ್ಲಿ ಎಂದು ಕೇಳಿದರು. ದವಾಖಾನೆಗೆ ಬೀಗ ಬಿತ್ತು. ಆಮೇಲೆ ಆ ಊರಿಗೆ ಹಾಕಿದ ಡಾಕ್ಟರುಗಳೆಲ್ಲ ಊರ ಹೆಸರು ಕೇಳಿಯೇ ಹುಕುಂ ಬದಲಿಸಿಕೊಂಡರು. ಡಾಕ್ಟರಿಗೆ ಹೊಡೆದ ಊರು ಎಂದು ಹಡಗಲಿಯ ತನಕ ಹೆಸರಾಯಿತು.

ಬೀಗ ಬಿದ್ದ ಮೇಲೆ ಜ್ವರಕ್ಕೂ ಕೊಟ್ಟೂರಿಗೆ ಓಡಬೇಕು. ಹಾಲಸ್ವಾಮಿಯ ಹೆಂಡತಿ ಟಂಟಂ ಆಟೋದಲ್ಲೇ ಹೆತ್ತು, ದಾರಿಯುದ್ದಕ್ಕೂ ರಕ್ತ ಸುರಿಸಿಕೊಂಡು, ಕೊಟ್ಟೂರಿನ ಊರ ಬಾಗಿಲಿಗೆ ಬರುವಷ್ಟರಲ್ಲಿ ತಣ್ಣಗಾದಳು. ಮಣ್ಣು ಮಾಡಿ ಬಂದ ಗಂಡಸರು ನೇರ ಕಮಾಲಸಾಬನ ಅಂಗಡಿಗೆ ಹೋಗಿ ಶಟರಿಗೆ ಕಲ್ಲು ತೂರಿದರು. "ದವಾಖಾನಿ ನುಂಗಿದಾಕಿ, ಹೊರಗ ಬಾರಲೇ!" ಎಂದು ಕೂಗಿದರು. ಫಾತಿಮಾ ಬೀ ಹೊರಗೆ ಬಂದಳು. ಒಂದು ಕಲ್ಲು ಭುಜಕ್ಕೆ ಬಡಿಯಿತು. ಅದನ್ನೇ ಎತ್ತಿ ತಿರುಗಿ ಒಗೆದಳು. ಯಾರದೋ ಹಲ್ಲು ಹೋಯಿತು. ನಾಗಲಿಂಗಮ್ಮ ಬಿಪಿ ಗುಳಿಗೆ ಸಾಲದೆ ಅರ್ಧರ್ಧ ಮುರಿದು ನುಂಗುತ್ತಿದ್ದಳು. ಒಮ್ಮೆ ನಲ್ಲಿಯ ಕಟ್ಟೆಯ ಮೇಲೆ ಕಣ್ಣು ಕತ್ತಲಾಗಿ ಬಿದ್ದು ಹಣೆ ಒಡೆದುಕೊಂಡಳು. ರಕ್ತ ಒರೆಸಿಕೊಳ್ಳುತ್ತಾ ಶಪಿಸಿದ್ದು ಫಾತಿಮಾ ಬೀಯನ್ನೇ.

ಕೇಸು ಕೂಡ್ಲಿಗಿ ಕೋರ್ಟಿನಲ್ಲಿ ನಡೆಯಿತು. ಕಟಕಟೆಯಲ್ಲಿ ಡಾಕ್ಟರು ಹುಬ್ಬಿನ ಗಾಯದ ಗುರುತು ತೋರಿಸಿ ಒಂದು ಮಾತು ಹೇಳಿದರು: "ಕೂಸು ಹೊರಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಒಳಗೆ ತಂದಿದ್ದರೆ ಆ ಕ್ಷಣವೇ ನೋಡುತ್ತಿದ್ದೆ." ಅಲ್ಲಿಯ ತನಕ ತಲೆ ಎತ್ತಿ ನಿಂತಿದ್ದ ಫಾತಿಮಾ ಬೀ ಆ ಮಾತಿಗೆ ಬಾಗಿದಳು. ಹೊರಗೆ ಬಂದವಳು ಕೋರ್ಟಿನ ಮೆಟ್ಟಿಲ ಮೇಲೆ ಕೂತು ಕಾಲಿನ ಚಪ್ಪಲಿ ತೆಗೆದು ತನ್ನ ಮುಖಕ್ಕೆ ತಾನೇ ಹೊಡೆದುಕೊಂಡಳು. ಕಮಾಲಸಾಬ ಕೈ ಹಿಡಿದರೆ ಅವನಿಗೂ ಬಿತ್ತು. "ಒಳಗ ತರಬೇಕಿತ್ತು, ಒಳಗ ತರಬೇಕಿತ್ತು" ಎನ್ನುತ್ತಿದ್ದಳಂತೆ. ತುಟಿ ಒಡೆದು ದುಪಟ್ಟಾ ಕೆಂಪಾಗಿತ್ತು. ಕೊನೆಗೆ ಕೇಸು ರಾಜಿಯಾಯಿತು. ತುಟಿಯ ಆ ಸೀಳು ಮಾತ್ರ ಅವಳ ಮುಖದ ಮೇಲೆ ಉಳಿಯಿತು.

ಕಡೆಗೊಮ್ಮೆ ದವಾಖಾನೆಯ ಬೀಗ ತೆರೆಯಿತು. ದಾವಣಗೆರೆ ಕಡೆಯ ಹುಡುಗಿ, ಡಾಕ್ಟರ್ ಗೀತಾಂಜಲಿ ಬಂದಳು. ಮೊದಲ ದಿನವೇ ಬಾಗಿಲಿನಿಂದ ಬಯಲಿನ ತನಕ ಚಪ್ಪಲಿ ಸಾಲು ತಾನೇ ತಾನಾಗಿ ಹುಟ್ಟಿತು. ಜೊತೆಗೆ ಫಾತಿಮಾ ಬೀಯೂ ಬಂದಳು. ಕೈಯಲ್ಲಿ ಗಂಡನ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ಸರಳು, ಅದರ ತುದಿಗೆ ಕೊಕ್ಕೆ. ಬಾಗಿಲ ಮೆಟ್ಟಿಲ ಮೇಲೆ ಕೂತಳು. ಹುಡುಗಿ ಡಾಕ್ಟರು ಬಿಳಿಚಿಕೊಂಡಳು.

"ಹೆದರಬ್ಯಾಡ್ರಿ ತಾಯಿ, ನಿಮ್ಮನ್ನ ಹೊಡಿಯಾಕ ಬಂದಿಲ್ಲ. ನಿಮ್ಮನ್ನ ಹೊಡಿಯಾಕ ಬಂದೋರ್ನ ಹೊಡಿಯಾಕ ಬಂದೀನಿ."

"ಯಾರನ್ನೂ ಹೊಡಿಬ್ಯಾಡ್ರಮ್ಮ. ಬಾಯಿಲೆ ಹೇಳಿದ್ರೆ ಸಾಕು."

"ಬಾಯಿಲೆ ಹೇಳಿದ್ರ ಈ ಊರಾಗ ಎಮ್ಮಿ ಸೈತ ಕೇಳಂಗಿಲ್ರಿ."

ಅವಳ ಕೆಲಸ ಇಷ್ಟೇ. ಬೇವಿನ ಕೆಳಗೆ ಕೂತವರ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಸುತ್ತುವುದು. ಉಸಿರು ಎಳೆಯುತ್ತಿರುವ ಮುದುಕ, ಬೇನೆ ತಿನ್ನುತ್ತಿರುವ ಬಸುರಿ, ಸೋತು ಬಿದ್ದ ಕೂಸು ಕಂಡರೆ ರೆಟ್ಟೆ ಹಿಡಿದು ಎಬ್ಬಿಸಿ ಬಾಗಿಲಿಗೆ ಒಯ್ಯುವುದು. ದಾರಿಯಲ್ಲಿರುವ ಚಪ್ಪಲಿಗಳನ್ನು ಕೊಕ್ಕೆಯಿಂದ ಎತ್ತಿ ಹಿಂದಕ್ಕೆ ಒಗೆಯುವುದು. ಊರು ಉರಿದೆದ್ದಿತು. ಚಪ್ಪಲಿ ಮುಟ್ಟಿದಳು ಅಂದರೆ ಮೈ ಮುಟ್ಟಿದ ಹಾಗೆ. ಒಬ್ಬಳು ಅವಳ ಜುಟ್ಟು ಹಿಡಿದು ನೆಲಕ್ಕೆ ಕೆಡವಿದಳು. ಫಾತಿಮಾ ಬೀ ಅವಳ ಮುಂಗೈ ಕಚ್ಚಿ ಬಿಡಿಸಿಕೊಂಡಳು. ರಜಾ ಚೀಟಿಗೆ ಬಂದ ಗುಟ್ಕಾದವನು ಎದೆಗೆ ನೂಕಿದ್ದಕ್ಕೆ ಸರಳಿನಿಂದ ಮೊಣಕಾಲಿನ ಕೆಳಗೆ ಕೊಟ್ಟಳು. ಅವನಿಗೆ ನಿಜವಾಗಿಯೂ ರಜೆ ಸಿಕ್ಕಿತು. ಕೆಲವು ದಿನ ಅವಳೇ ಮೂಗಿನಿಂದ ರಕ್ತ ಸೋರಿಸಿಕೊಂಡು ಮನೆಗೆ ಹೋಗುತ್ತಿದ್ದಳು. ಆದರೆ ಸಾಲಿನಲ್ಲಿ ಕಾದು ಯಾರೂ ಸಾಯಲಿಲ್ಲ.

ನಾಗಲಿಂಗಮ್ಮನ ಸರದಿಯೂ ಬಂತು. ತಿಂಗಳ ಗುಳಿಗೆಗೆಂದು ಬಂದು ಸಾಲಿನ ಮುಂಚೂಣಿಯಲ್ಲಿ ಬಿಟ್ಟಿದ್ದ ಅವಳ ಚಪ್ಪಲಿ ಗಾಳಿಯಲ್ಲಿ ಹಾರಿ ಬೇವಿನ ಬುಡಕ್ಕೆ ಬಿತ್ತು.

"ಏನಬೇ, ನನ್ನ ಚಪ್ಪಲಿ ಮುಟ್ಟಾಕ ನೀ ಯಾರು?"

"ಸತ್ತ ಕೂಸಿನ ಅಜ್ಜಿ."

ಫಾತಿಮಾ ಬೀ ಒಬ್ಬ ಉಬ್ಬಸದ ಮುದುಕನನ್ನು ಒಳಗೆ ಬಿಟ್ಟು ಬಂದಳು. ಬಂದು ಆ ಚಪ್ಪಲಿಗಳನ್ನು ಕೈಯಿಂದಲೇ ಎತ್ತಿ, ಮಣ್ಣು ಒರೆಸಿ, ನಾಗಲಿಂಗಮ್ಮನ ಪಾದದ ಮುಂದೆ ಜೋಡಿಸಿದಳು. "ಸಿಟ್ಟಾಗಬ್ಯಾಡಕ್ಕ. ಆತನ ಉಸಿರಿಗೆ ತಡ್ಕಣಾ ತ್ರಾಣ ಇದ್ದಿಲ್ಲ, ನಿನ್ನ ಗುಳಿಗಿಗೆ ಐತಿ."

ಆಮೇಲೆ ತಿಂಗಳು ತಿಂಗಳೂ ಇಬ್ಬರೂ ಮೆಟ್ಟಿಲ ಮೇಲೆ ಎಲೆಅಡಿಕೆ ಹಂಚಿಕೊಳ್ಳುವ ಹಾಗಾಯಿತು. ನಾಗಲಿಂಗಮ್ಮ ಅವಳನ್ನು ಬೂಬವ್ವ ಎಂದಳು, ಅವಳು ಇವಳನ್ನು ನಾಗಕ್ಕ ಎಂದಳು. ಫಾತಿಮಾ ಬೀ ಹುಟ್ಟಿದ್ದು ಹರಪನಹಳ್ಳಿಯಲ್ಲಿ, ಪಾತ್ರೆಗೆ ಕಲಾಯಿ ಹಾಕುವವನ ಮಗಳಾಗಿ. ಕುಲುಮೆಯ ತಿದಿ ಒತ್ತಿ ಒತ್ತಿ ಹುಡುಗಿಯಾಗಿದ್ದಾಗಲೇ ಕೈ ಗಂಡಸರ ಕೈಯಾಗಿತ್ತು. "ಮದಿವ್ಯಾದ ಹೊಸದ್ರಾಗ ಕಮಾಲಸಾಬ ಒಂದು ಸಾರಿ ಕೈ ಎತ್ತಿದ. ಆ ಕೈ ಇಳಿಸಾಕ ಆತಗ ದವಾಖಾನಿಗೆ ಹೋಗಬೇಕಾತು" ಎಂದು ಹೇಳಿ ಅವಳು ನಗುತ್ತಿದ್ದಳು. ನಕ್ಕಾಗ ತುಟಿಯ ಸೀಳು ಬಿಳಿಯಾಗುತ್ತಿತ್ತು.

ಅವಳು ಸರಳು ಎತ್ತಿದಾಗಲೆಲ್ಲ ನಾಗಲಿಂಗಮ್ಮನ ಮೈ ಕುಗ್ಗಿ, ಕೈ ತಾನಾಗಿಯೇ ಮುಖ ಮುಚ್ಚುತ್ತಿತ್ತು. ಒಂದು ದಿನ ಫಾತಿಮಾ ಬೀ ಅದನ್ನು ಕಂಡಳು.

"ನಿನಗ ಯಾರು ಹೊಡಿತಿದ್ರು ನಾಗಕ್ಕ?"

"ಹೋದೋರ ಸುದ್ದಿ ಯಾಕ ತಗಿತಿ ಬೂಬವ್ವ, ಬಿಡು."

"ಹೋದೋರು ಹೋದ್ರು, ಹೊಡ್ತ ಹೋಗಿಲ್ಲಲ್ಲ. ಒಂದರ ತಿರುಗಿ ಕೊಟ್ಟಿದ್ದೇನು?"

"ನಮ್ಮ ಕಡಿ ಗಂಡನ ಮ್ಯಾಲೆ ಕೈ ಎತ್ತೋ ಪದ್ಧತಿ ಇಲ್ಲ."

"ನಮ್ಮ ಕಡಿನೂ ಇಲ್ಲ ತಗಾ. ನಾ ಪದ್ಧತಿ ಕೇಳಾಕ ಹೋಗಲಿಲ್ಲ."

ನಾಗಲಿಂಗಮ್ಮನಿಗೆ ಎಲೆಅಡಿಕೆ ನೆತ್ತಿಗೇರಿ ಕೆಮ್ಮು ಬರುವಷ್ಟು ನಗು ಬಂತು. ಗಂಡ ಸತ್ತ ಮೇಲೆ ಗಂಡನ ವಿಷಯಕ್ಕೆ ಅವಳು ನಕ್ಕದ್ದು ಅದೇ ಮೊದಲು.

ಫಾತಿಮಾ ಬೀಯ ದೊಡ್ಡ ಜಗಳವೆಂದರೆ ಏಕಾಂತಪ್ಪನ ಜೊತೆ. ಗೊಬ್ಬರ, ಬೀಜದ ಅಂಗಡಿಯ ಸಾಹುಕಾರ. ತನ್ನ ಆಳಿನ ಕೈಯಲ್ಲಿ ಎಲ್ಲರಿಗಿಂತ ಮೊದಲು ಚಪ್ಪಲಿ ಕಳಿಸಿ ಬಾಗಿಲಿಗೇ ಇಡಿಸುತ್ತಿದ್ದ. ಪಾಲಿಶು ಹಚ್ಚಿದ ಚರ್ಮದ ಜೋಡು. ತಾನು ಹೊತ್ತೇರಿದ ಮೇಲೆ ಕಾರಿನಲ್ಲಿ ಬಂದು, ಗಾಜು ಏರಿಸಿಕೊಂಡು ತಂಪಿನಲ್ಲಿ ಕೂತು, ಪಾಳಿ ಬಂದಾಗ ಇಳಿಯುತ್ತಿದ್ದ. ಬರುತ್ತಿದ್ದುದು ಬಹುತೇಕ ಸಕ್ಕರೆ ಗುಳಿಗೆಗೆ.

"ಸಾವ್ಕಾರ್ರ, ಚಪ್ಪಲಿಗೆ ಜ್ವರ ಬಂದೈತೇನ್ರಿ? ಮುಂಜಾನಿಂದ ಬಂದು ಮಲಗ್ಯಾವು!" ಎಂದು ಫಾತಿಮಾ ಬೀ ಕೂಗಿದರೆ ಬೇವಿನ ಬುಡವೆಲ್ಲ ನಗುತ್ತಿತ್ತು. ಏಕಾಂತಪ್ಪನ ಮಗ ಗವಿಸಿದ್ದೇಶ ಮಾತ್ರ ನಗುತ್ತಿರಲಿಲ್ಲ. "ಒಂದಿನ ಈ ಮುದುಕಿ ಕೈ ಮುರಿತೀನಿ" ಎಂದು ಹಲ್ಲು ಕಡಿಯುತ್ತಿದ್ದ.

ಆ ದಿನ ಬಂದೇಬಿಟ್ಟಿತು. ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಡಾಕ್ಟರು ಆಗಷ್ಟೇ ಬಂದಿದ್ದಳು. ಚರ್ಮದ ಜೋಡು ಎಂದಿನಂತೆ ಬಾಗಿಲಿಗಿತ್ತು, ಕಾರು ಗಾಜು ಏರಿಸಿಕೊಂಡು ಬಯಲಿನ ಆಚೆ ನಿಂತಿತ್ತು. ಗವಿಸಿದ್ದೇಶ ಕಾರಿಗೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದ. ಅಷ್ಟರಲ್ಲಿ ಒಬ್ಬ ಹೆಂಗಸು ಫಿಟ್ಸ್ ಬಂದು ಸೆಟೆದುಕೊಂಡ ಕೂಸನ್ನು ಅವುಚಿಕೊಂಡು ಓಡಿಬಂದಳು. ಬಂದವಳು ರೂಢಿಯಂತೆ ಸಾಲಿನ ತುದಿಗೆ ಚಪ್ಪಲಿ ಬಿಡಲು ನಿಂತಳು.

ಫಾತಿಮಾ ಬೀಗೆ ಅದೇನು ಕಂಡಿತೋ. "ಚಪ್ಪಲಿ ಬಿಡಬ್ಯಾಡ, ಒಳಗ ಓಡು!" ಎಂದು ಕಿರುಚಿ, ದಾರಿಗೆ ಅಡ್ಡವಾಗಿದ್ದ ಸಾಲನ್ನೇ ಸರಳಿನಿಂದ ಗುಡಿಸಿದಳು. ಚರ್ಮದ ಜೋಡನ್ನು ಕೊಕ್ಕೆಗೆ ಸಿಕ್ಕಿಸಿ ಎಷ್ಟು ಬಲವಾಗಿ ಬೀಸಿದಳೆಂದರೆ ಅದು ಗೋಡೆ ದಾಟಿ ಚರಂಡಿಗೆ ಬಿತ್ತು. ಕೂಸು ಒಳಗೆ ಹೋಯಿತು. ಸಿಸ್ಟರು ಬಾಗಿಲು ಹಾಕಿಕೊಂಡಳು.

ಕಾರಿನ ಬಾಗಿಲು ತೆರೆಯಿತು. ಏಕಾಂತಪ್ಪ ಬರಿಗಾಲಲ್ಲಿ ಇಳಿದ. ಬೈಯುತ್ತಾನೆಂದು ಎಲ್ಲರೂ ನೋಡಿದರು. ಬಾಯಿ ತೆರೆದ, ಮಾತು ಹೊರಡಲಿಲ್ಲ. ಎದೆಯ ಮೇಲೆ ಅಂಗಿಯನ್ನು ಮುದ್ದೆ ಮಾಡಿ ಹಿಡಿದು ಅಲ್ಲೇ ಮಗ್ಗುಲಾದ. ಬೆಳಗಿನಿಂದ ಅವನಿಗೆ ಎದೆ ಹಿಡಿದಿತ್ತು. ಕೊಟ್ಟೂರಿಗೆ ಹೋಗೋಣ ಎಂದ ಮಗನಿಗೆ "ಚಪ್ಪಲಿ ಇಟ್ಟೈತಿ, ಪಾಳಿ ಬರ್ತೈತಿ" ಎಂದಿದ್ದನಂತೆ. ಏರಿಸಿದ ಗಾಜಿನ ಹಿಂದಿದ್ದ ಆ ಮುಖವನ್ನು ಅವತ್ತು ಫಾತಿಮಾ ಬೀ ನೋಡಿರಲಿಲ್ಲ.

"ಅಪ್ಪನ್ನ ಕೊಂದ್ಳಲೇ!" ಎಂದು ಗವಿಸಿದ್ದೇಶ ಬಾಗಿಲಿಗೆ ನುಗ್ಗಿದ. "ಡಾಕ್ಟರಮ್ಮನ್ನ ಹೊರಗ ಎಳೀರಿ!" ಎಂದು ಅವನ ಜೊತೆಯವರು ಕೂಗಿದರು. ಫಾತಿಮಾ ಬೀ ಬಾಗಿಲಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತಳು.

"ಒಳಗ ಕೂಸು ಐತಿ! ನನ್ನ ಹೊಡೀರಿ, ಬಾಗಿಲ ಬಡೀಬ್ಯಾಡ್ರಿ!"

ಹೊಡೆದರು. ಆ ಅಂಗಳದಲ್ಲಿ ಆಯುಧಕ್ಕೆ ಬರವಿರಲಿಲ್ಲ. ಪಾಳಿಯ ಚಪ್ಪಲಿಗಳೆಲ್ಲ ಕೈಗೆ ಬಂದವು. ಕೆನ್ನೆಗೆ, ಕಿವಿಗೆ, ಒಡೆದ ತುಟಿಯ ಮೇಲೆ ಬಿದ್ದವು. ಹಳೆಯ ಸಿಟ್ಟುಗಳೆಲ್ಲ ಬೇವಿನ ಬುಡದಿಂದ ಎದ್ದು ಬಂದವು. ಕೈ ಕಚ್ಚಿಸಿಕೊಂಡವಳು ಬಂದಳು, ಕಾಲು ಕುಂಟುವವನು ಬಂದ. ಫಾತಿಮಾ ಬೀ ಸರಳು ಬೀಸಿ ಒಬ್ಬನ ಭುಜ ಇಳಿಸಿದಳು. ಗವಿಸಿದ್ದೇಶ ಅದನ್ನು ಕಿತ್ತುಕೊಂಡ. ಅದೇ ಸರಳು ಅವಳ ನೆತ್ತಿಯ ಮೇಲೆ ಬಂತು. ಅವಳು ಕೂತಳು, ಆದರೂ ಬಾಗಿಲು ಬಿಡಲಿಲ್ಲ. ಇನ್ನೊಮ್ಮೆ ಬಂತು. ಬಿಳಿ ಕೂದಲೆಲ್ಲ ಕೆಂಪಾಯಿತು. ಮೂರನೆಯದಕ್ಕೆ ಎತ್ತಿದ ಸರಳಿನ ಮುಂದೆ ನಾಗಲಿಂಗಮ್ಮ ನಿಂತಿದ್ದಳು. ಹೇಗೆ ಎದ್ದು ಬಂದಳೋ ಅವಳಿಗೇ ನೆನಪಿಲ್ಲ. ಈ ಸಾರಿ ಕೈ ಮುಖವನ್ನು ಮುಚ್ಚಿರಲಿಲ್ಲ, ಸರಳನ್ನು ಹಿಡಿದಿತ್ತು.

"ಹೊಡಿ ಬಾರಲೇ! ನಾ ಭಾಳ ತಿಂದೀನಿ. ನಿನ್ನದೊಂದು ಹೆಚ್ಚಲ್ಲ."

ಗವಿಸಿದ್ದೇಶನ ಕೈ ಸಡಿಲಿತು. ಸರಳು ಕಲ್ಲಿನ ಮೇಲೆ ಬಿದ್ದು ಸದ್ದಾಯಿತು. ಅದೇ ಹೊತ್ತಿಗೆ ಬಾಗಿಲು ತೆರೆಯಿತು. ಒಳಗಿನಿಂದ ಕೂಸಿನ ಅಳು ಕೇಳಿಸಿತು.

ಆಮೇಲಿನದೆಲ್ಲ ಊರಿಗೆ ಗೊತ್ತಿರುವುದೇ. ಬಳ್ಳಾರಿಗೆಂದು ಹೊರಟ ನೂರೆಂಟರ ಗಾಡಿ ಕೂಡ್ಲಿಗಿ ದಾಟುವ ಮೊದಲೇ ಫಾತಿಮಾ ಬೀಯ ಉಸಿರು ನಿಂತಿತು. ಏಕಾಂತಪ್ಪ ಉಳಿದ. ಈಗ ಮಗನ ಜಾಮೀನಿಗೆ ವಕೀಲರ ಮನೆಗೆ ಅಲೆಯುತ್ತಾನೆ. ಗೀತಾಂಜಲಿ ಡಾಕ್ಟರು ಹೋಗಿಯೇಬಿಟ್ಟಳು ಎಂದು ಎಲ್ಲರೂ ಅಂದುಕೊಂಡಿದ್ದರು. ಮಣ್ಣಾದ ಮರುದಿನ ಕಣ್ಣು ಊದಿಸಿಕೊಂಡು ಬಂದು ಬಾಗಿಲು ತೆಗೆದಳು. ರಕ್ತ ಹತ್ತಿದ ಸರಳನ್ನು ಪೊಲೀಸರು ಒಯ್ದಿದ್ದರು. ಕಮಾಲಸಾಬ ಹೊಸದೊಂದನ್ನು ಬಾಗಿಸಿ, ಕೊಕ್ಕೆ ಮಾಡಿ, ನಾಗಲಿಂಗಮ್ಮನ ಮನೆಯ ಗೋಡೆಗೆ ಒರಗಿಸಿ ಹೋದ.

ಆದರೆ ಗಾಡಿ ಬರುವ ಮುಂಚೆ, ಆ ಮೆಟ್ಟಿಲ ಮೇಲೆ, ಫಾತಿಮಾ ಬೀಯ ತಲೆ ನಾಗಲಿಂಗಮ್ಮನ ತೊಡೆಯ ಮೇಲಿತ್ತು. ಸೀರೆ ನೆನೆದು ಮೈಗೆ ಅಂಟಿತ್ತು. ಡಾಕ್ಟರು ಹತ್ತಿಯ ಉಂಡೆ ಹಿಡಿದು ಅವಳ ಪಕ್ಕ ಮಂಡಿಯೂರಿದಳು. ಇದ್ದ ಡಾಕ್ಟರು ಒಬ್ಬಳೇ. ಸುತ್ತ ನಿಂತ ಜನರ ಕೈಯಲ್ಲಿ ಇನ್ನೂ ಚಪ್ಪಲಿಗಳಿದ್ದವು. ಫಾತಿಮಾ ಬೀಯ ಒಂದು ಕಣ್ಣು ಊದಿ ಮುಚ್ಚಿತ್ತು. ಇನ್ನೊಂದು ಕಣ್ಣು ನೆಲದ ಮಟ್ಟದಲ್ಲಿ, ಅಷ್ಟು ಜನರ ಕಾಲುಗಳ ಸಂದಿನಿಂದ, ಬಯಲಿನ ಆಚೆಗೆ ಹೋಯಿತು. ಅಲ್ಲಿ ಕಾರಿನ ಪಕ್ಕ ಏಕಾಂತಪ್ಪ ಬಿದ್ದಿದ್ದ. ತುಟಿ ನೀಲಿಯಾಗಿತ್ತು. ಎದೆ ಏಳಲೋ ಬೇಡವೋ ಎಂದು ಏಳುತ್ತಿತ್ತು. ಆ ಮುಖವನ್ನು ಅವಳು ನೋಡಿದಳು. ಬೇವಿನ ಕೆಳಗೆ ದಿನಾ ಮುಖಗಳನ್ನು ನೋಡುತ್ತಿದ್ದ ಹಾಗೆಯೇ ನೋಡಿದಳು. ಹತ್ತಿ ಹಿಡಿದ ಡಾಕ್ಟರ ಕೈಯನ್ನು ದೂಡಿದಳು.

"ನಾಗಕ್ಕಾ" ಎಂದಳು. ಮಾತಿನ ಜೊತೆ ರಕ್ತ ಬಂತು. "ಸಾವ್ಕಾರ್ರ ಚಪ್ಪಲಿ ಚರಂಡ್ಯಾಗ ಬಿದ್ದಾವ. ನಿನ್ನ ಕೈಲೆ ತಂದು ಎಲ್ಲಾರಕಿಂತ ಮುಂದಿಡು."